ಕರೆದರೆ ಬರುವ ಬಸ್ಸು

ಹಳ್ಳಿಗಳ ಬಸ್ಸಿನ ವಿಚಾರವನ್ನು ಜನರೇ ಕೂತು ಮಾತಾಡಿ ಹೇಳಲಿ, ವಸಂತದವರೆಗೆ ಹಾಗೆಯೇ ಓಡಿಸಿ ನೋಡುತ್ತೇವೆ ಎಂದು ತಾಲ್ಲೂಕು ಕಚೇರಿ ಮಾತು ಕೊಟ್ಟಿತ್ತು. ಚೀಟಿ ಎತ್ತಿ ಜನರನ್ನು ಆರಿಸಿದರೆ, ಜೊಲ್ಲಾ ಸೀಮೆಯ ಆ ತಾಲ್ಲೂಕಿನ ಅಷ್ಟೂ ಹಳ್ಳಿ ಬಿಟ್ಟು, ಸೆತ್‌ಗೋಲ್ ಎಂಬ ಒಂದೇ ಕೇರಿಯ ಅತ್ತೆ ಸೊಸೆ ಇಬ್ಬರ ಹೆಸರೂ ಬಂದುಬಿಟ್ಟಿತು. ಮನೆಗಳು ಬೇರೆ, ನಡುವೆ ಒಂದು ಮೂಲಂಗಿ ಮಡಿ. ಸಭೆಯಲ್ಲಿ ಮಾತ್ರ ಒಂದೇ ಮೇಜು.

"ಇಲ್ಲಿ ಅಜ್ಜಿ, ಅಣ್ಣ, ಅತ್ತೆ ಯಾವುದೂ ಇಲ್ಲ. ಎಲ್ಲರಿಗೂ ಹೆಸರು, ಮುಂದೆ 'ಅವರೇ'. ಅಷ್ಟೇ," ಎಂದಳು ಸಭೆ ನಡೆಸುವ ಹುಡುಗಿ.

ಸೊಸೆ ಬೋಮಿ ಅತ್ತೆಯತ್ತ ಓರೆನೋಟ ಬೀರಿದಳು. ಹೆಸರು ಹಿಡಿದು ಕರೆದೊಡನೆ ರಾಕ್ಷಸಿ ಎದ್ದು ಬರುವ ಕಥೆಗಳಿವೆಯಲ್ಲ, ಅತ್ತೆಯ ಹೆಸರೂ ಅವಳಿಗೆ ಹಾಗೆಯೇ ಇತ್ತು.

ದಿನಕ್ಕೆ ಮೂರು ಸಲ ತಾನಾಗಿ ಬರುವ ಹಳೆಯ ಬಸ್ಸೇ ಇರಬೇಕೋ, ಫೋನ್ ಮಾಡಿದರೆ ರಾತ್ರಿಯವರೆಗೂ ಬರುವ ಸಣ್ಣ ಬಸ್ಸು ಬೇಕೋ? ಬೋಮಿಗೆ ಸಣ್ಣದೇ ಬೇಕಿತ್ತು. ಪೇಟೆಯ ಆಸ್ಪತ್ರೆಯವರು ಸಂಜೆ ಪಾಳಿಯ ಕೆಲಸ ಕೊಡುತ್ತೇವೆಂದಿದ್ದರು. ಪಾಳಿ ಮುಗಿಯುವ ಹೊತ್ತಿಗೆ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತಿತ್ತು.

"ಖಾಲಿ ಬಸ್ಸು ಓಡಿಸೋದಂದ್ರೆ ಗಾಳಿಗೆ ಟಿಕೆಟ್ ಹರಿದ ಹಾಗೆ," ಎಂದ ಮರಸೇಬಿನ ತೋಟದ ಪ್ಯೋ. ಮೇಜು ನಕ್ಕಿತು. ಹುಡುಗಿ ಅತ್ತೆಯತ್ತ ತಿರುಗಿದಳು.

"ನಮ್ದೇನಮ್ಮಾ, ಚಿಕ್ಕೋರು ಹೇಳಿದ್ದೇ ಸರಿ," ಎಂದರು ಅತ್ತೆ.

ಬೋಮಿ ಸುಮ್ಮನಿದ್ದಿದ್ದರೆ ಮುಗಿದಿತ್ತು. ಆದರೆ ಕಳೆದ ಚಳಿಗಾಲ ಹಿಮದಲ್ಲಿ ಜಾರಿಬಿದ್ದ ಅತ್ತೆ, ಸೊಸೆ ಊಟಕ್ಕೆ ಕೂತಿರಬಹುದೆಂದು ಫೋನ್ ಮಾಡದೆ ಒಳಗೆ ತೆವಳಿಕೊಂಡು ಹೋಗಿದ್ದನ್ನು ಅವಳು ಮರೆತಿರಲಿಲ್ಲ.

"ಒಕ್‌ಬುನ್ ಅವರೇ..." ಬೋಮಿ ಅತ್ತೆಯತ್ತ ತಿರುಗಿದಳು. "ನೀವು ಬಸ್ಸಿಗೆ ಫೋನ್ ಮಾಡ್ತೀರಾ?"

ಅತ್ತೆಯ ಕಿವಿ ಕೆಂಪಾಯಿತು. "ಮಾಡ್ತೀನಿ."

"ಮಾಡಲ್ಲ. ಪಕ್ಕದ ಮನೆಗೇ ಮಾಡಲ್ಲ ನೀವು."

"ಅಲ್ಲಾ, ಒಂದು ಮುದುಕಿಗೋಸ್ಕರ ಒಂದು ಬಸ್ಸನ್ನ ಬೆಟ್ಟ ಹತ್ತಿಸೋದಾ? ನಾನೇನು ರಾಣೀನಾ? ತಾನಾಗಿ ಬಂದ್ರೆ ಹತ್ತಬಹುದು. ಕರೆಸ್ಕೊಳ್ಳೋಕೆ ಯಾವ ಮುಖ?"

"ನಾನೂ ಮಾಡಲ್ಲಪ್ಪ," ಎಂದಳು ಪಕ್ಕದ ಮೇಜಿನ ಮುದುಕಿ. ಅದರಾಚೆಯ ಮೇಜಿನಲ್ಲೂ ತಲೆಗಳು ಆಡಿದವು. ಮಧ್ಯಾಹ್ನದೊಳಗೆ ಸಭೆ ಹಳೆಯ ಬಸ್ಸಿನ ಕಡೆ ವಾಲಿತು. ಬೋಮಿಯ ಕೆಲಸ ಅವಳ ಬಾಯಿಂದಲೇ ಹೋದಂತಾಯಿತು.

ಊಟದಲ್ಲಿ ಅತ್ತೆ ತಮ್ಮ ಪಾಲಿನ ಕಿಮ್ಚಿ ಉಪ್ಪಿನಕಾಯಿಯನ್ನು ಅವಳತ್ತ ತಳ್ಳಿದರು. "ಬಾಯಿ ಮುಚ್ಕೊಂಡಿರೋಕೆ ಏನಾಗಿತ್ತು ನಿಂಗೆ? ಗೆದ್ದಿರ್ತಿದ್ದೆ."

"ನೀವು ಸಂತೆಗೂ ಹೋಗದೆ ಮನೇಲೇ ಕೂತ್ಬಿಡ್ತಿದ್ರಿ, ಅತ್ತೆ."

"ಅವರೇ ಅನ್ನು. ಆ ಹುಡುಗಿ ನೋಡ್ತಿದಾಳೆ."

ಊಟದ ನಂತರ ಮೊದಲು ಕೈಯೆತ್ತಿದವರು ಅತ್ತೆಯೇ. "ಬೆಳಿಗ್ಗೆದೂ ಸಂಜೆದೂ ಇರ್ಲಿ. ಮಧ್ಯಾಹ್ನದ್ದು ಬೇಡ. ಅದ್ರಲ್ಲಿ ಇರೋದು ನಾನು, ಡ್ರೈವರು. ಅವನೂ ತೂಕಡಿಸ್ತಿರ್ತಾನೆ. ಅದರ ಬದ್ಲು ರಾತ್ರಿ ಕರೆಯೋ ಬಸ್ಸು ಬಿಡಿ. ದುಡಿದು ಬರೋರಿಗೆ ಫೋನ್ ಮಾಡೋಕೆ ಏನು ನಾಚಿಕೆ?"

ಆ ಮಧ್ಯಾಹ್ನದ ಬಸ್ಸಿನಲ್ಲೇ ಅತ್ತೆ ಮಂಡಿಯ ಚಿಕಿತ್ಸೆಗೆ ಹೋಗಿಬರುತ್ತಿದ್ದರೆಂದು ಗೊತ್ತಿದ್ದವಳು ಬೋಮಿ ಒಬ್ಬಳೇ. ಹೇಳಲೆಂದು ಬಾಯಿ ತೆರೆದಳು. ಮೇಜಿನ ಕೆಳಗೆ ಅತ್ತೆಯ ಕಾಲು ಅವಳ ಕಾಲನ್ನು ಬಲವಾಗಿ ತುಳಿಯಿತು.

ಎಲ್ಲರೂ ಒಪ್ಪಲಿಲ್ಲ, ಪ್ಯೋ ಕೊನೆಯವರೆಗೂ ಗೊಣಗಿದ. ಆದರೂ ಹೆಚ್ಚಿನ ಮತ ಅತ್ತೆಯ ಮಾತಿಗೇ ಬಿತ್ತು.

ಬೋಮಿ ಹೊರಗೆ ಬಂದು ಆಸ್ಪತ್ರೆಗೆ ಫೋನ್ ಮಾಡಿದಳು. "ಸಂಜೆ ಪಾಳಿಗೆ ಬರ್ತೀನಿ. ವಸಂತದ ತನಕ ಬಸ್ಸಿದೆ, ಆಮೇಲಿನದು ಆಮೇಲೆ. ಇನ್ನೊಂದು ಮಾತು, ನಿಮ್ಮಲ್ಲಿ ನಮ್ಮ ಅತ್ತೆಯ ಮಂಡಿ ಚಿಕಿತ್ಸೆಗೆ ಬೆಳಗಿನ ಹೊತ್ತು ಯಾವುದಾದ್ರೂ ಖಾಲಿ ಇದೆಯಾ? ಅವರು ತಾವಾಗಿ ಕೇಳೋರಲ್ಲ. ನಾನೇ ಕೇಳ್ತಿದೀನಿ."