ಬೂರುಗದ ಮರದ ವಿಳಾಸ

ಪಾಲ್ಮಾ ಸೋಲಾದಲ್ಲಿ ಬೂರುಗದ ಮರದ ಪಕ್ಕ ಯಾರೂ ಮನೆ ಕಟ್ಟುವುದಿಲ್ಲ. ಸತ್ತವರು ಅದರ ಬೇರುಗಳ ನಡುವೆ ಕೂತು ಹರಟುತ್ತಾರೆ, ಅವರ ಮಾತಿಗೆ ಅಡ್ಡ ಬರಬಾರದು ಎಂಬುದು ಅಲ್ಲಿನವರ ನಂಬಿಕೆ. ಕಬ್ಬು ಕಡಿಯುವವರಿಗೆಂದು ಸಕ್ಕರೆ ಕಾರ್ಖಾನೆ ಎಂದೋ ಕಟ್ಟಿಸಿದ ಸಾಲುಮನೆಗಳ ಕೇರಿ ಅದು, ಬತೇಯ್ ಎನ್ನುತ್ತಾರೆ. ಆ ಸಾಲುಗಳು ಕೂಡ ಮರ ಕಂಡು ಹೆದರಿ ಮಗ್ಗುಲಿಗೆ ಸರಿದಂತೆ ನಿಂತಿವೆ. ಆಡುವಾಗ ಚೆಂಡು ಅತ್ತ ಉರುಳಿದರೆ ಮಕ್ಕಳು ಮರಕ್ಕೆ ತಪ್ಪಾಯಿತೆಂದು ಹೇಳಿಯೇ ಎತ್ತಿಕೊಳ್ಳುತ್ತಾರೆ.

ನೆರೈದಾ ಆ ವಿಳಾಸವನ್ನು ಆರಿಸಿಕೊಂಡದ್ದು ಅದಕ್ಕೇ.

ಅವಳು ಬತೇಯ್‌ನ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ಮೊದಲೆಲ್ಲ ಒಬ್ಬೊಬ್ಬ ರೋಗಿಗೂ ಒಂದೊಂದು ರಟ್ಟಿನ ಚೀಟಿ, ಅದರ ಮೇಲೆ ಅಡ್ಡಹೆಸರು ಮಾತ್ರ. ಅಲ್ಲಿ ಅಡ್ಡಹೆಸರಿಲ್ಲದವರೇ ಇಲ್ಲ. ಚಿಕ್ಕಂದಿನಲ್ಲಿ ಕತ್ತೆಯ ಮೇಲಿಂದ ಬಿದ್ದವನು ಸಾಯುವ ತನಕ ಕತ್ತೆಯೇ. ಮದುವೆಯ ದಿನ ಅತ್ತವಳು ಮೊಮ್ಮಕ್ಕಳನ್ನು ಕಂಡರೂ ಅಳುಬುರುಕಿಯೇ. ಇಡೀ ಬತೇಯ್‌ನಲ್ಲಿ ನೆರೈದಾಳಿಗೊಬ್ಬಳಿಗೆ ಮಾತ್ರ ಅದು ಅಂಟಿರಲಿಲ್ಲ. ಅಡ್ಡಹೆಸರು ಹುಟ್ಟಬೇಕಾದರೆ ನಾಲ್ಕು ಜನರ ಎದುರು ಏನಾದರೂ ಮಾಡಿರಬೇಕು; ಅವಳೋ ನಾಲ್ಕು ಜನ ಕಂಡರೆ ಗೋಡೆಗೆ ಸರಿದು ನಡೆಯುವವಳು. ಆದರೆ ಆ ಚೀಟಿಗಳ ಮೇಲೆ ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಹೊರಗಿನವರು ಇಡೀ ಪೆಟ್ಟಿಗೆಯನ್ನೇ ಹೊತ್ತೊಯ್ದರೂ ಕತ್ತೆಗೆ ಸಕ್ಕರೆ ಕಾಯಿಲೆ ಎಂಬುದರ ಆಚೆಗೆ ಅವರಿಗೇನೂ ತಿಳಿಯುವಂತಿರಲಿಲ್ಲ.

ತಿಳಿಯಲೂಬಾರದಿತ್ತು. ಬತೇಯ್‌ನ ಅರ್ಧಕ್ಕರ್ಧ ಜನರಿಗೆ ಈ ದೇಶದವರೆಂಬ ಕಾಗದಪತ್ರವಿಲ್ಲ. ಗಡಿಯಾಚೆಯ ಹೈಟಿಯಿಂದ ಕಬ್ಬು ಕಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು. ಇಲ್ಲೇ ಹುಟ್ಟಿ, ಗಡಿಯನ್ನು ಕಣ್ಣಿಂದಲೂ ಕಾಣದವರು. ಕಿಟಕಿಗೆ ಕಂಬಿ ಹಾಕಿದ ಲಾರಿಯೊಂದು ಆಗಾಗ ಬರುತ್ತದೆ. ಅದು ಹತ್ತಿಸಿಕೊಂಡವರನ್ನು ಗಡಿಯಾಚೆ ಇಳಿಸುತ್ತದೆ.

ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂದಾಗ ಅದರ ಜೊತೆ ರಾಜಧಾನಿಯಿಂದ ವಿಲ್ಕಿನ್ ಎಂಬ ಯುವಕನೂ ಬಂದ. ಹೆಸರು, ಫೋಟೋ, ವಿಳಾಸ, ಮೂರಕ್ಕೂ ಪಕ್ಕದಲ್ಲಿ ಕೆಂಪು ನಕ್ಷತ್ರ. ನಕ್ಷತ್ರವಿರುವ ಜಾಗ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲ, ದಾಖಲೆ ಮುಂದಕ್ಕೆ ಹೋಗದಿದ್ದರೆ ಔಷಧಿ ಬರುವುದಿಲ್ಲ ಎಂದು ವಿವರಿಸಿದ. ಇದನ್ನೆಲ್ಲ ಯಾರು ನೋಡುತ್ತಾರೆ ಎಂದು ನೆರೈದಾ ಮೇಜಿನ ಕಡೆ ನೋಡುತ್ತ ಕೇಳಿದಳು.

“ನೀನು, ನಾನು, ಡಾಕ್ಟ್ರಮ್ಮ. ಅಷ್ಟೇ. ಬೀಗ ಹಾಕಿದೀನಿ, ಬೀಗದ ಕೈ ನಿನ್ ತಲೇಲಿದೆ.”

ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಾಗದವಿದ್ದವರಿಗೆಲ್ಲ ಅವರವರ ಮನೆಯ ಗುರುತು ಬರೆದಳು. ಇಲ್ಲದವರಿಗೆಲ್ಲ ಒಂದೇ ವಿಳಾಸ: ಬೂರುಗದ ಮರದ ಪಕ್ಕ. ಲಾರಿಯವರು ಹುಡುಕಿಕೊಂಡು ಬಂದರೆ ಮರದ ಸುತ್ತ ತಿರುಗಿ ವಾಪಸು ಹೋಗಲಿ. ಇದನ್ನು ಅವಳು ಡಾಕ್ಟರಿಗೂ ಹೇಳಲಿಲ್ಲ. ಹೇಳಿದ್ದು ಮಿಮೋಜ್‌ಗೆ ಮಾತ್ರ.

ಮಿಮೋಜ್ ಯಾನಿಕೇಕೆ ಎಂಬ ಹಿಟ್ಟಿನ ರೊಟ್ಟಿ ಕರಿದು ಮಾರುವವಳು, ಅಡ್ಡಹೆಸರು ಬಾಣಲೆ. ನೆರೈದಾಳ ಮಗಳ ಜ್ಞಾನಸ್ನಾನದಲ್ಲಿ ಎರಡನೆಯ ತಾಯಿಯಾಗಿ ನಿಂತವಳು. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಆ ನಂಟು ಒಮ್ಮೆ ಕಟ್ಟಿದರೆ ಬಿಚ್ಚುವಂಥದ್ದಲ್ಲ. ಒಡಹುಟ್ಟಿದವರು ಜಗಳವಾಡಬಹುದು, ಕೊಮಾದ್ರೆಯರು ಆಡಬಾರದು. ಮಿಮೋಜ್ ಆಗ ಐದು ತಿಂಗಳ ಬಸುರಿ. ಕಾಲು ಊದಿ, ರಕ್ತದೊತ್ತಡ ಏರಿ, ಪ್ರತಿ ಗುರುವಾರ ತಪ್ಪದೆ ಬಾ ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಫೋಟೋ ಎಂದೊಡನೆ ಅವಳು ಎದ್ದು ಹೊರಟಿದ್ದಳು. ಕೈ ಹಿಡಿದು ಕೂರಿಸಿದವಳು ನೆರೈದಾ. ಮರದ ಗುಟ್ಟನ್ನು ಕಿವಿಯಲ್ಲಿ ಹೇಳಿದ ಮೇಲೆ ಮಿಮೋಜ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಸತ್ತೋರ ನೆರೆಮನೆನಾ? ಬಾಡಿಗೆ ಕಮ್ಮಿ ತಾನೇ, ಕೊಮಾದ್ರೆ?”

ಆ ನಗುವೇ ಫೋಟೋದಲ್ಲಿ ಉಳಿಯಿತು.

ಕೆಲವು ತಿಂಗಳು ಕಳೆದು ವಿಲ್ಕಿನ್ ಮತ್ತೆ ಬಂದಾಗ ತುಂಬ ಖುಷಿಯಲ್ಲಿದ್ದ. ಪರದೆಯ ಮೇಲೆ ಊರಿನ ನಕ್ಷೆ ತೆರೆದು ತೋರಿಸಿದ. ಸಾಲುಮನೆಗಳ ಮೇಲೆಲ್ಲ ಸಾಸಿವೆಯಷ್ಟು ಚುಕ್ಕೆಗಳು, ಅಂಚಿನಲ್ಲೊಂದು ಮಾತ್ರ ಹಲಸಿನಕಾಯಿಯಷ್ಟು ದೊಡ್ಡದು. ಬೂರುಗದ ಮರದ ಹತ್ತಿರ ಇಷ್ಟೊಂದು ಜನರಿದ್ದಾರೆಂದು ಗೊತ್ತೇ ಇರಲಿಲ್ಲ, ಅಲ್ಲೇ ಇನ್ನೊಂದು ಕೊಠಡಿ ಕಟ್ಟಿಸಲು ಕೇಳಬಹುದು ಎಂದ.

ನೆರೈದಾಳಿಗೆ ಆಗ ಅರ್ಥವಾಯಿತು. ಕಾಗದವಿಲ್ಲದವರನ್ನು ಬಚ್ಚಿಡುತ್ತೇನೆಂದು ಹೋಗಿ ಎಲ್ಲರನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿದ್ದಳು. ಈ ನಕ್ಷೆ ಇನ್ನು ಯಾರ ಬಳಿ ಇದೆ ಎಂದು ಕೇಳಿದಳು. ಪ್ರತಿ ತಿಂಗಳೂ ಮೇಲಿನ ಸರ್ಕಾರಿ ಕಚೇರಿಗೆ ಹೋಗುತ್ತದೆ, ಔಷಧಿಯ ಲೆಕ್ಕಕ್ಕೆ ಅವರು ಕೇಳುತ್ತಾರೆ, ಅಲ್ಲಿಂದ ಯಾರ್‍ಯಾರ ಕೈಗೆ ಹೋಗುತ್ತದೋ ತನಗೆ ಗೊತ್ತಿಲ್ಲ ಎಂದ. ಹಾಗಾದರೆ ಬೀಗ?

“ಕದ್ರೆ ತಾನೇ ಬೀಗದ ಮಾತು? ಅವ್ರು ಕೇಳಿದ್ರು, ನಾವು ಕೊಟ್ವಿ.”

ಅಳಿಸಲು ಬರುತ್ತದೆಯೇ ಎಂದಳು. ಅಳಿಸಬಹುದು, ಆದರೆ ಹಳೆಯದೂ ಉಳಿಯುತ್ತದೆ, ಅಳಿಸಿದವರ ಹೆಸರೂ ಉಳಿಯುತ್ತದೆ ಎಂದ. ಅವಳ ಮುಖ ನೋಡಿ ಅವನಿಗೆ ಏನೋ ಹೊಳೆದಿರಬೇಕು. ನಕ್ಷೆ ಮುಚ್ಚಿದ.

ಸಂಜೆ ನೆರೈದಾ ಮಿಮೋಜ್‌ಳ ಒಲೆಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಮಿಮೋಜ್ ಬಯ್ಯಲಿಲ್ಲ. ಹಿಟ್ಟು ತಟ್ಟುತ್ತಲೇ ಕೇಳಿಸಿಕೊಂಡು, ಬೇರೆಯವರಿಗೂ ಹೇಳಿದೆಯಾ ಎಂದಳು. ನೆರೈದಾ ಸಾಲುಮನೆಗಳಲ್ಲೆಲ್ಲ ಬಾಗಿಲು ತಟ್ಟಿ, ಸದ್ಯ ಕ್ಲಿನಿಕ್ಕಿಗೆ ಬರಬೇಡಿ ಎಂದು ಹೇಳಿ ಬಂದಿದ್ದಳು, ತನ್ನ ಜನ್ಮದಲ್ಲಿ ಅಷ್ಟು ಮಾತಾಡಿರಲಿಲ್ಲ. ಕೆಲವರು ನಂಬಿದರು; ಕೆಲವರು, ಗುರುವಾರ ಬನ್ನಿ ಎಂದು ಕ್ಲಿನಿಕ್ಕಿನಿಂದಲೇ ಫೋನಿಗೆ ಸಂದೇಶ ಬಂದಿದೆಯಲ್ಲ, ಯಾರ ಮಾತು ಕೇಳುವುದು ಎಂದರು. ಸಂದೇಶ ಕಳಿಸುವುದು ಯಂತ್ರ, ಮನುಷ್ಯರಲ್ಲ ಎಂದು ಅವರಿಗೆ ತಿಳಿಸಿ ಹೇಳುವ ಹೊತ್ತಿಗೆ ಅವಳಿಗೆ ಬಾಯಿ ಒಣಗಿತ್ತು. ಮಿಮೋಜ್ ಗುರುವಾರ ಬರಬಾರದು, ಮಾತ್ರೆಯನ್ನು ತಾನೇ ತಂದುಕೊಡುತ್ತೇನೆ ಎಂದು ಆಣೆ ಹಾಕಿಸಿಕೊಂಡಳು.

ಗುರುವಾರ ಲಾರಿ ಬೂರುಗದ ಮರದ ಕಡೆಗೆ ಹೋಗಲೇ ಇಲ್ಲ. ನೇರ ಕ್ಲಿನಿಕ್ಕಿನ ಬಾಗಿಲಿಗೆ ಬಂದು ನಿಂತಿತು. ಅದರಿಂದ ಇಳಿದ ಅಧಿಕಾರಿ ನಡುವಯಸ್ಸಿನವನು, ಮಾತು ಮೆತ್ತಗೆ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು ನೆರೈದಾಳ ಎದುರಿನ ಕುರ್ಚಿಯಲ್ಲಿ ಕೂತ. ಬೂರುಗದ ಪಕ್ಕದವರು ಯಾರ್‍ಯಾರು ಬಂದಿದ್ದಾರೆ ಎಂದು ಕೇಳಿದ. ಅಲ್ಲಿ ಯಾರೂ ವಾಸವಿಲ್ಲ ಎಂದಳು ನೆರೈದಾ.

“ಗೊತ್ತು ತಂಗಿ. ನಮ್ಮಜ್ಜಿ ಇಂಥದ್ದೇ ಬತೇಯ್‌ನೋಳು. ಚೆಂಡು ಆ ಕಡೆ ಹೋದ್ರೆ ಮರದ ಹತ್ರ ತಪ್ಪಾಯ್ತು ಅನ್ನಿಸೋಳು.” ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ಆ ವಿಳಾಸ ಓದಿದ ಕೂಡ್ಲೇ ಅರ್ಥ ಆಯ್ತು. ನೀನು ಸುಮ್ನೆ ಅವರವರ ಮನೇನೇ ಬರ್ದಿದ್ರೆ, ಯಾರಿಗೆ ಕಾಗದ ಇದೆ ಯಾರಿಗಿಲ್ಲ ಅಂತ ನಾವು ಮನೆಮನೆ ಅಲೀಬೇಕಿತ್ತು.”

ಹೊರಗೆ ಬೆಂಚಿನ ಮೇಲೆ ಕೂತಿದ್ದವರನ್ನು ಒಬ್ಬೊಬ್ಬರಾಗಿ ಎಬ್ಬಿಸುತ್ತಿದ್ದರು. ಕೂಗಾಟವೇನಿಲ್ಲ. ಅಳುಬುರುಕಿ ಕೂಡ ಅಳಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತೇನೆ ನಿಲ್ಲು ಎಂದಳು, ಅಷ್ಟೆ.

ಆಗ ಬೈಕಿನ ಸದ್ದಾಯಿತು. ಮಿಮೋಜ್‌ಳ ಗಂಡ ಎಲಿಫೆ, ಹಿಂದೆ ಅವನ ಸೊಂಟ ಬಿಗಿಯಾಗಿ ಹಿಡಿದ ಮಿಮೋಜ್. ಲಾರಿ ಕಂಡು ಎಲಿಫೆ ಬೈಕು ತಿರುಗಿಸಲು ನೋಡಿದ. ಹಿಂದಿನಿಂದ ಲಾರಿಯವರಿಬ್ಬರು ಬಂದು ನಿಂತರು. ಮಿಮೋಜ್‌ಗೆ ಲಾರಿಯೇ ಕಂಡಿರಲಿಲ್ಲ. ಗೋಡೆ ತಡವುತ್ತ ಒಳಗೆ ಬಂದಳು. ನೆರೈದಾ ಅವಳನ್ನು ಗುರುತೇ ಇಲ್ಲದವಳಂತೆ ನೋಡಿ, ಬೇರೊಂದು ಹೆಸರು ಹಿಡಿದು ಕರೆಯಬೇಕೆಂದಿದ್ದಳು. ಕಾಗದವಿರುವ ಯಾರದ್ದಾದರೂ ಹೆಸರು. ಅದು ನಾಲಿಗೆಯ ತುದಿಗೆ ಬಂದೂ ಇತ್ತು.

“ಕೊಮಾದ್ರೆ, ಬರ್ಬಾರ್ದು ಅಂತ ನೀನ್ ಅಂದಿದ್ದೆ, ಗೊತ್ತು. ಕಣ್ಣೇ ಕಾಣ್ತಿಲ್ಲ ಕಣೇ ಬೆಳಗ್ಗೆಯಿಂದ.”

ಅಧಿಕಾರಿ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ನಗುವ ಮುಖ ಸಿಕ್ಕಲು ಹೊತ್ತಾಗಲಿಲ್ಲ.

ಡಾಕ್ಟರು ಅಡ್ಡ ನಿಂತರು. ಈಗ ಲಾರಿ ಹತ್ತಿಸಿದರೆ ದಾರಿಯಲ್ಲೇ ಸೆಳೆತ ಬಂದು ತಾಯಿ, ಮಗು ಇಬ್ಬರೂ ಹೋಗಬಹುದು ಎಂದರು. ಅವನು ಅದನ್ನೂ ಮೆತ್ತಗೆ ಕೇಳಿಸಿಕೊಂಡ. ಚುಚ್ಚುಮದ್ದು ಕೊಡಿ, ಕಾಯುತ್ತೇನೆ ಎಂದ. ಕಾದ ಕೂಡ. ಆಮೇಲೆ ತಾನೇ ಮಿಮೋಜ್‌ಳ ತೋಳು ಹಿಡಿದು ಮೆಟ್ಟಿಲು ಇಳಿಸಿದ. ಎಲಿಫೆಯ ಬಳಿ ಕಾಗದವಿತ್ತು. ಅವನನ್ನು ಬಿಟ್ಟರು, ಲಾರಿ ಹತ್ತಲೂ ಬಿಡಲಿಲ್ಲ.

ನೆರೈದಾ ಕಂಬಿಯ ತನಕ ಓಡಿದಳು. ಕಂಬಿ ಹಿಡಿದು ಅಲುಗಿಸಿದಳು. ಮಿಮೋಜ್ ಸದ್ದು ಬಂದತ್ತ ಮುಖ ತಿರುಗಿಸಿ, “ಬಾಣ್ಲೆ ಒಲೆ ಮೇಲೇ ಇದೆ. ಹೋಗಿ ಇಳ್ಸು,” ಎಂದಳು.

ಅವಳು ಹೋಗಿ ಇಳಿಸಿದಳು.

ಮಿಮೋಜ್‌ಳ ಫೋನು ಮತ್ತೆ ಹತ್ತಲಿಲ್ಲ. ಕ್ಲಿನಿಕ್ಕಿನ ಬೆಂಚು ಖಾಲಿಯಾಯಿತು. ಕಾಗದವಿದ್ದವರೂ ಬರುವುದು ಬಿಟ್ಟರು. ಹೆರಿಗೆಗಳು ಮನೆಯಲ್ಲೇ ಆದವು, ಜ್ವರಗಳು ಮನೆಯಲ್ಲೇ ಇಳಿದವು, ಕೆಲವು ಇಳಿಯಲಿಲ್ಲ. ನೆರೈದಾ ನೀರಿನ ನಲ್ಲಿಯ ಬಳಿ ಹೋದರೆ ಕೊಡಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು.

ಒಂದು ಬೆಳಗ್ಗೆ ಹೊರಗೆ ಯಾರೋ ನರ್ಸಮ್ಮನನ್ನು ಕೇಳುತ್ತಿರುವುದು ಕೇಳಿಸಿತು: “ಬೂರುಗ ಇದ್ದಾಳಾ ಒಳಗೆ?” ನರ್ಸಮ್ಮ ಒಳಗೆ ಇಣುಕಿದಳು. ನೆರೈದಾ ತಾನೇ ಎದ್ದು ಬಾಗಿಲಿಗೆ ಬಂದಳು.

ಎಲಿಫೆ. ಗಡಿಯಾಚೆ ಹೋಗಿ ಆಸ್ಪತ್ರೆ ಆಸ್ಪತ್ರೆ ಹುಡುಕುತ್ತಾನಂತೆ. ತೋರಿಸಿ ಕೇಳಲು ಅವಳದ್ದೊಂದು ಫೋಟೋ ಬೇಕು. ಮಿಮೋಜ್ ಯಾವತ್ತೂ ಫೋಟೋ ತೆಗೆಸಿಕೊಂಡವಳಲ್ಲ. ಇದ್ದದ್ದು ಇದೊಂದೇ.

ನೆರೈದಾ ಯಂತ್ರ ತೆರೆದು ಮುಖ ಹುಡುಕಿದಳು. ಅಚ್ಚು ಹಾಕಲು ಒತ್ತಿದಳು. ರೋಗಿಯ ಖಾಸಗಿ ವಿವರಗಳ ರಕ್ಷಣೆಗಾಗಿ, ರೋಗಿಯ ಒಪ್ಪಿಗೆಯಿಲ್ಲದೆ ಇದನ್ನು ಹೊರಗಿನವರಿಗೆ ಕೊಡಲಾಗದು ಎಂಬ ಸಾಲು ಮಿಮೋಜ್‌ಳ ನಗುವಿನ ಮೇಲೆ ಬಂದು ಕೂತಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಕೊನೆಗೆ ಪರದೆಯನ್ನೇ ಅವನ ಕಡೆ ತಿರುಗಿಸಿದಳು. ಅವನು ತನ್ನ ಬಿರುಕುಬಿಟ್ಟ ಫೋನೆತ್ತಿ, ಆ ಸಾಲಿನ ಸಮೇತ, ಚಿತ್ರ ಹಿಡಿದುಕೊಂಡ. ಅವನಿಗೆ ಓದು ಬರುತ್ತಿರಲಿಲ್ಲ.

“ಏನ್ ಬರ್ದಿದೆ ಇದ್ರಲ್ಲಿ?”

“ಏನಿಲ್ಲ,” ಎಂದಳು ನೆರೈದಾ.