ಪೂರ್ಣ ಸಾಮರ್ಥ್ಯ

ತಲೆಯ ಮೇಲಿನ ಎ.ಸಿ. ನೇರ ಕುತ್ತಿಗೆಗೇ ಬೀಸುತ್ತಿದೆ, ಪಕ್ಕದ ಸದಸ್ಯರು ಕೈ ಅಡ್ಡ ಹಿಡಿಯದೆ ಆಕಳಿಸಿದರು, ಸಭಾಧ್ಯಕ್ಷರು ಹನ್ನೆರಡನೇ ಖಂಡ ಅಂದರು, ನನ್ನದು ಹದಿನಾಲ್ಕನೆಯದು – ನಲವತ್ತು ಪುಟದ ಮಸೂದೆಯಲ್ಲಿ ನನ್ನ ತಕರಾರು ಇರುವುದು ಒಂದೇ ಪದಕ್ಕೆ, ಪೂರ್ಣ, ಕಲ್ಲಿದ್ದಲು ಘಟಕ ಪೂರ್ಣ ಸಾಮರ್ಥ್ಯದಲ್ಲಿ ನಡೆಯುವಾಗ ಬೂದಿ ಹಿಡಿಯುವ ಯಂತ್ರ ಚಾಲನೆಯಲ್ಲಿರತಕ್ಕದ್ದು, ಕೇಳಲು ಎಷ್ಟು ಚೆನ್ನಾಗಿದೆ, ಪರಿಸರದವರೂ ಚಪ್ಪಾಳೆ ತಟ್ಟಿದರು, ಪೂರ್ಣ ಅಂದಮೇಲೆ ಒಳ್ಳೆಯದೇ ಇರಬೇಕು ಅಂದುಕೊಂಡರು ಪಾಪ, ಇಲ್ಲಿ ಕೂತಿರುವ ಇನ್ನೂರು ಜನರಲ್ಲಿ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿ ಬಂದವನು ನಾನೊಬ್ಬನೇ, ಘಟಕ ಪೂರ್ಣ ಸಾಮರ್ಥ್ಯ ಮುಟ್ಟುವುದು ದಿನಕ್ಕೆ ಎಷ್ಟು ಹೊತ್ತು ಅಂತ ಇವರಿಗೇನು ಗೊತ್ತು, ಬೆಳಗ್ಗೆ ಪಕ್ಷದ ನಾಯಕರು ಕರೆಸಿದ್ದರು, ಒಂದು ಪದಕ್ಕೆ ಯಾಕಯ್ಯಾ ಇಷ್ಟು ಹಟ, ತಿದ್ದುಪಡಿ ವಾಪಸ್ ತಗೊಂಡ್ಬಿಡು, ಕರೆಂಟಿನವನು ನೀನು, ಕರೆಂಟಿನ ಪರ ಇರ್ಬೇಕಲ್ವಾ – ಇದ್ದೇನೆ, ನಾಳೆಯೇ ಎಲ್ಲ ಮುಚ್ಚಿ ಎನ್ನುವವರ ಜೊತೆ ನಾನು ಯಾವತ್ತೂ ಸೇರಿದವನಲ್ಲ, ಆಪರೇಷನ್ ಥಿಯೇಟರಿನ ದೀಪ ಭಾಷಣದಿಂದ ಉರಿಯುವುದಿಲ್ಲ, ಸೌರವಿದ್ಯುತ್ ಬರಲಿ, ಗಾಳಿಯದೂ ಬರಲಿ, ಅಲ್ಲಿಯ ತನಕ ಹಳೆಯ ಘಟಕಗಳು ನಡೆಯಲಿ, ಆದರೆ ಸೂರ್ಯ ನೆತ್ತಿಗೆ ಬಂದಾಗ ಸೌರವಿದ್ಯುತ್ ನುಗ್ಗುತ್ತದೆ, ಕಲ್ಲಿದ್ದಲು ಘಟಕವನ್ನು ಅರ್ಧಕ್ಕಿಳಿಸಿ ಅಂತ ಫೋನು ಬರುತ್ತದೆ, ಇಳಿಸಿದ ಗಳಿಗೆಯಿಂದ ಈ ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದೆ, ಬಿಸಿಲಿನ ಕರೆಂಟು ಹೆಚ್ಚಿದಷ್ಟೂ ಬೂದಿಯದೇ ದರ್ಬಾರು, ಇದನ್ನು ಹೇಳಿದರೆ ನಾಯಕರು ನಕ್ಕರು, ಅರ್ಧದಲ್ಲಿದ್ದಾಗಲೂ ಯಂತ್ರ ಓಡಿಸ್ತಾರೆ ಬಿಡು, ಆಫ್ ಮಾಡೋಕೆ ಅವರಿಗೇನು ಹುಚ್ಚಾ.

ಹದಿಮೂರನೇ ಖಂಡ, ಪರವಾಗಿರುವವರು ಹೌದು ಅನ್ನಿ, ಹೌದು ಅಂದೆ, ಯಾವುದಕ್ಕೆ ಅಂದೆನೋ – ಹುಚ್ಚಲ್ಲ ಸ್ವಾಮಿ, ಆ ಯಂತ್ರವೇ ಒಂದಿಷ್ಟು ಕರೆಂಟು ತಿನ್ನುತ್ತದೆ, ಅಷ್ಟನ್ನು ಉಳಿಸಿದ ಶಿಫ್ಟಿಗೆ ಶಹಬ್ಬಾಸ್‌ಗಿರಿ, ಯಂತ್ರ ಆಫ್ ಮಾಡುವುದಕ್ಕೆ ನಾವು ಮಲಗಿಸುವುದು ಅನ್ನುತ್ತಿದ್ದೆವು, ಊಟ ಆಯ್ತಾ, ಆಯ್ತು, ಮಲಗಿಸಿದ್ಯಾ, ಮಲಗಿಸಿದೆ, ಕೂಸಿನ ವಿಷಯ ಮಾತಾಡಿದ ಹಾಗೆ, ಹನ್ನೊಂದು ವರ್ಷ ಮಲಗಿಸಿದೆ, ತಂಗಿಯ ಮನೆ ಅದೇ ಸ್ಥಾವರದ ಚಿಮಣಿಯ ಆಚೆ ಬದಿಯ ಕೊನೆಯ ಸಾಲಿನಲ್ಲಿ, ಊಟದ ಮೇಜಿನ ಮೇಲೆ ತಟ್ಟೆಗಳನ್ನು ಬೋರಲು ಹಾಕಿಯೇ ಇಡುತ್ತಾಳೆ, ಬಡಿಸುವ ಗಳಿಗೆಗೆ ಒಂದೊಂದೇ ಮಗುಚುತ್ತಾಳೆ, ಬೂದಿ ಬೀಳತ್ತೆ ಅಣ್ಣ, ಏನ್ ಮಾಡೋದು, ಅವಳ ಮಗಳಿಗೆ ಎಂಟು ವರ್ಷ, ಸ್ಕೂಲ್ ಬ್ಯಾಗಿನಲ್ಲಿ ಉಸಿರಿನ ಪಂಪು, ಮಾವ ಇದು ನನ್ನ ಸೀಟಿ, ಊದೋದಲ್ಲ, ಎಳೆಯೋದು, ನಾನೂ ನಕ್ಕೆ, ತಂಗಿ ಬಡಿಸುತ್ತ ಕೇಳಿದಳು, ನೀನು ಅಲ್ಲಿದ್ದಾಗ್ಲೂ ಹೀಗೇ ಬೀಳ್ತಿತ್ತಾ ಅಣ್ಣ, ಈ ಕಡೆ ಗಾಳಿ ಜಾಸ್ತಿ ಕಣೇ, ಅಂದೆ, ಗಾಳಿಯ ತಲೆಗೆ ಕಟ್ಟಿದೆ, ಬೋರಲು ತಟ್ಟೆ ಮಗುಚಿ ನನ್ನ ಮುಂದಿಟ್ಟಳು, ಊಟ ಮಾಡಿದೆ – ಪದ ಯಾಕೆ ತೆಗೆಯಬೇಕು ಅಂದರೆ ಇರುವುದು ಒಂದೇ ಉತ್ತರ, ಮಲಗಿಸುತ್ತಾರೆ, ನಿಮಗೆ ಹೇಗೆ ಗೊತ್ತು ಅಂತ ಎದುರು ಸಾಲಿನವರು ಕೇಳದೆ ಬಿಡುತ್ತಾರೆಯೇ, ಕಲಾಪ ಟಿವಿಯಲ್ಲಿ ನೇರ ಬರುತ್ತಿದೆ, ಅಣ್ಣ ಮಾತಾಡ್ತಾನೆ ಅಂತ ತಂಗಿ ಕೆಲಸಕ್ಕೆ ರಜೆ ಹಾಕಿದ್ದಾಳೆ, ಮಗಳನ್ನೂ ಸ್ಕೂಲಿಗೆ ಕಳಿಸಿಲ್ಲವಂತೆ, ಈಗ ಹಿಂತೆಗೆದುಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಗಾಳಿ ಗಾಳಿಯಾಗಿಯೇ ಇರುತ್ತದೆ, ನಾಚಿಕೆಯಾಗುತ್ತಿದೆ ನನಗೆ, ಭಯವೂ ಆಗುತ್ತಿದೆ, ನಿಜ ಹೇಳಬೇಕೆಂದರೆ ಭಯವೇ ಜಾಸ್ತಿ.

ಹದಿನಾಲ್ಕನೇ ಖಂಡ, ತಿದ್ದುಪಡಿ ಕೊಟ್ಟಿರುವ ಮಾನ್ಯ ಸದಸ್ಯರು ಮಂಡಿಸುತ್ತಾರೋ ಹಿಂತೆಗೆದುಕೊಳ್ಳುತ್ತಾರೋ, ಎದ್ದು ನಿಂತಿದ್ದೇನೆ, ಯಾವಾಗ ಎದ್ದೆ, ಮುಂದಿನ ಸಾಲಿನಿಂದ ನಾಯಕರು ತಿರುಗಿ ನೋಡುತ್ತಿದ್ದಾರೆ, ಮಂಡಿಸುತ್ತೇನೆ ಸಭಾಧ್ಯಕ್ಷರೇ, ಪೂರ್ಣ ಎಂಬ ಪದ ಬಿಟ್ಟುಬಿಡಿ, ಅರ್ಧದಲ್ಲಿ ಓಡುವಾಗ ಆ ಯಂತ್ರ ಆಫ್ ಮಾಡುತ್ತಾರೆ, ನಿಮಗೆ ಹೇಗ್ರೀ ಗೊತ್ತು, ಎದುರಿನಿಂದ ಯಾರೋ, ನಾನೇ ಮಾಡುತ್ತಿದ್ದೆ, ಹನ್ನೊಂದು ವರ್ಷ – ಸದನದ ಗಡಿಯಾರದಲ್ಲಿ ಒಂದು ಗಂಟೆ, ಅವಳ ಮನೆಯಲ್ಲಿ ಊಟದ ಹೊತ್ತು, ಟಿವಿಯ ಮುಂದೆಯೇ ಮೇಜು, ಇಲ್ಲಿಂದಲೇ ಕಣ್ಣಿಗೆ ಕಟ್ಟುತ್ತಿದೆ, ಮಗಳ ತಟ್ಟೆಯ ಅಂಚಿಗೆ ಬೆರಳು ಹಾಕಿದ್ದಾಳೆ ತಂಗಿ, ಮಗುಚಬೇಕು, ಮಗುಚುತ್ತಿಲ್ಲ, ಬೆರಳು ಅಂಚಿನಲ್ಲೇ ಇದೆ, ತಟ್ಟೆ ಬೋರಲಾಗಿಯೇ