ಗೊತ್ತು, ಗೊತ್ತು

"ಹೋಗುತ್ತೆ, ವಾಪಸ್ ಬರಲ್ಲ! ಹೋಗುತ್ತೆ, ವಾಪಸ್ ಬರಲ್ಲ!"

ಫೋನಿನಲ್ಲಿ ಗೊತ್ತಪ್ಪ ಕಿರುಚುತ್ತಿದ್ದ. ಆಸ್ಪತ್ರೆಯ ನೆಲಮಾಳಿಗೆಯ ಸ್ಟೋರಿನಲ್ಲಿ ಹಳೇ ಕೇಬಲ್ ಸುತ್ತುತ್ತಿದ್ದ ಅವಳು ರಿಸೀವರನ್ನು ಕಿವಿಯಿಂದ ನಾಲ್ಕು ಬೆರಳು ದೂರ ಹಿಡಿದಳು.

"ಏನು ಹೋಗುತ್ತೆ ಸಾರ್?"

"ಮೂರನೇ ಮಹಡಿಯಿಂದ ಕೇಳಿದ್ದು ಲ್ಯಾಬಿನ ಸರ್ವರಿಗೆ ಹೋಗುತ್ತೆ, ಉತ್ತರ ಬರಲ್ಲ. ಮೇಲೆ ಬನ್ನಿ, ಬೇಗ!"

ಬೇಗವಂತೆ! ಸುತ್ತುತ್ತಿದ್ದ ಕೇಬಲ್ ಮುಗಿಸಿ, ತುದಿಗೆ ಗಂಟು ಹಾಕಿ, ಕೈ ತೊಳೆದುಕೊಂಡು ಹೊರಟಳು. ಅಬ್ಬಾ, ಎರಡು ವರ್ಷದಿಂದ ಕಾದಿದ್ದ ಫೋನು.

ಗೊತ್ತಪ್ಪ ಅಂತ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಎದುರಿಗಿದ್ದವರು ಬಾಯಿ ತೆರೆದರೆ ಸಾಕು, ಮಾತು ಮುಗಿಯುವ ಮೊದಲೇ "ಗೊತ್ತು, ಗೊತ್ತು" ಅನ್ನುತ್ತಿದ್ದ. ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಅವಳೇ ತಂತಿ ಎಳೆದು ಜಾಲ ಕಟ್ಟಿದ್ದಳು. ಇವನು ಬಂದವನೇ "ಈಯಮ್ಮನಿಗೆ ಹೊಸದೇನೂ ಗೊತ್ತಿಲ್ಲ" ಎಂದು ಮೇಲಿನವರಿಗೆ ಬರೆದು, ಅವಳ ಕುರ್ಚಿಯಲ್ಲಿ ಕೂತು, ಅವಳನ್ನು ಸ್ಟೋರಿಗೆ ಇಳಿಸಿದ. ಕೆಲಸ ಒಪ್ಪಿಸುವ ದಿನವೂ ಅವಳು ನ್ಯಾಯವಾಗಿ ಹೇಳಲು ಹೋಗಿದ್ದಳು: "ಎಲ್ಲ ಯಂತ್ರಕ್ಕೂ ಮಾಸ್ಕ್ ತಾನಾಗೇ ಹೋಗುತ್ತೆ ಸಾರ್, ಲ್ಯಾಬಿನ ಸರ್ವರಿಗೆ ಮಾತ್ರ ಕೈಯಲ್ಲೇ..."

"ಗೊತ್ತು, ಗೊತ್ತು."

ಗೊತ್ತಿದ್ದರೆ ಸರಿ ಎಂದು ಅವಳು ಬಾಯಿಗೆ ಬೀಗ ಹಾಕಿದಳು.

ಮಾಸ್ಕ್ ಅಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಯಾರು ಮನೆಯವರು, ಯಾರು ಹೊರಗಿನವರು ಅಂತ ಯಂತ್ರಕ್ಕೆ ಹೇಳುವ ಅಂಕಿ. ಹೊಸದಾಗಿ ತೆರೆದ ಮೂರನೇ ಮಹಡಿಯ ಯಂತ್ರಗಳೂ ಮನೆಯೊಳಗೆ ಬರಲೆಂದು ಗೊತ್ತಪ್ಪ ಭಾನುವಾರ ಇನ್ನೂರ ಐವತ್ತೈದು ಇದ್ದಲ್ಲಿ ಇನ್ನೂರ ಐವತ್ತನಾಲ್ಕು ಮಾಡಿದ್ದ. ಲ್ಯಾಬಿನ ಸರ್ವರಿಗೆ ಆ ಸುದ್ದಿಯೇ ಮುಟ್ಟಿರಲಿಲ್ಲ. ಮೂರನೇ ಮಹಡಿಯವರನ್ನು ಅದು ಇನ್ನೂ ಪರರೆಂದೇ ತಿಳಿದು ಉತ್ತರವನ್ನು ಹೆಬ್ಬಾಗಿಲಿಗೆ ಕಳಿಸುತ್ತಿತ್ತು. ಬಾಗಿಲು ಕಾಯುವ ಯಂತ್ರ, ತನ್ನ ಮುಂದೆ ಹಾಯದ ಪ್ರಶ್ನೆಗೆ ಇದೆಂಥ ಉತ್ತರ ಎಂದು ಬಿಸಾಡುತ್ತಿತ್ತು.

ಇದೆಲ್ಲ ಅವಳಿಗೆ ಬೆಳಿಗ್ಗೆ ಎಂಟಕ್ಕೇ ಹೊಳೆದಿತ್ತು. ಮೂರನೇ ಮಹಡಿಯಲ್ಲಿ ನರ್ಸ್ ಆಗಿದ್ದ ನಾದಿನಿ ಫೋನ್ ಮಾಡಿದ್ದಳು: "ಅತ್ತಿಗೆ, ಲ್ಯಾಬ್ ರಿಪೋರ್ಟ್ ಒಂದೂ ಬರ್ತಿಲ್ಲ. ಕೆಳಗಿನ ಮಹಡಿಗಳಿಗೆಲ್ಲ ಬರ್ತಿದೆಯಂತೆ. ಏನಾಗಿದೆ ಅಂತ ಸ್ವಲ್ಪ ನೋಡ್ತೀರಾ?"

"ನನಗೇನು ಗೊತ್ತಮ್ಮ, ನಾನು ಸ್ಟೋರಿನವಳು. ಗೊತ್ತಿರೋರನ್ನ ಕೇಳು," ಅಂದಿದ್ದಳು. ಆಗ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ಹಿತವಾಗಿತ್ತು.

ಈಗ ಹನ್ನೊಂದು ಗಂಟೆ. ಸರ್ವರ್ ಕೋಣೆಯಲ್ಲಿ ಗೊತ್ತಪ್ಪ ಕಾಲು ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದ. ಎಲ್ಲ ಪೆಟ್ಟಿಗೆಗಳನ್ನೂ ಮೂರು ಸಲ ಆರಿಸಿ ಹಚ್ಚಿದ್ದ, ಚೆನ್ನಾಗಿದ್ದ ಕೇಬಲ್ಲುಗಳನ್ನೂ ಕಿತ್ತಿದ್ದ. ಆಸ್ಪತ್ರೆಯ ಮುಖ್ಯಸ್ಥೆ ಡಾಕ್ಟರಮ್ಮ ಎದೆಯ ಮೇಲೆ ಕೈಕಟ್ಟಿ ನಿಂತಿದ್ದರು.

ಅವಳು ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಕುರ್ಚಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡಳು. ನೀರು ಕೇಳಿ ಕುಡಿದಳು.

"ಲ್ಯಾಬಿನ ಸರ್ವರಿಗೆ ಮಾಸ್ಕ್ ಹೇಗೆ ಹೋಗುತ್ತೆ ಸಾರ್?"

"ಎಲ್ಲಾದಕ್ಕೂ ಹೋದ ಹಾಗೆ... ಅಲ್ವಾ?"

"ನನ್ನ ಕೇಳಿದ್ರೆ? ನಿಮಗೆ ಗೊತ್ತಲ್ಲ."

ಅವನು ಡಾಕ್ಟರಮ್ಮನ ಕಡೆ ನೋಡಿದ. "ಅದು... ಗೊತ್ತಿಲ್ಲ."

"ಫ್ಯಾನ್ ಸದ್ದಿಗೆ ಕೇಳಿಸಲಿಲ್ಲ ಸಾರ್."

"ಗೊತ್ತಿಲ್ಲ ಕಣ್ರೀ! ನನಗೆ ಗೊತ್ತಿಲ್ಲ!"

ಆಹಾ! ಆ ಮಾತನ್ನು ಅವಳು ಕಿವಿತುಂಬ ಕೇಳಿದಳು. ಆಮೇಲೆ ಸರ್ವರಿನ ಪರದೆ ತೆರೆದು ಐದನ್ನು ಅಳಿಸಿ ನಾಲ್ಕು ಒತ್ತಿದಳು. ಅಷ್ಟೇ. ಮೂರನೇ ಮಹಡಿಗೆ ಉತ್ತರಗಳು ಸಾಲುಸಾಲಾಗಿ ಹೋಗತೊಡಗಿದವು.

"ಮೂರು ಗಂಟೆ ಒದ್ದಾಡಿದ್ದನ್ನ ಮೂರು ನಿಮಿಷದಲ್ಲಿ ಮುಗಿಸಿದ್ರಲ್ಲ!" ಡಾಕ್ಟರಮ್ಮ ಅಂದರು. "ಇಷ್ಟು ಬೇಗ ಹೇಗೆ ಹೊಳೀತು ನಿಮಗೆ?"

ಅವಳು ಉತ್ತರ ಕೊಟ್ಟಿದ್ದು ಡಾಕ್ಟರಮ್ಮನಿಗಲ್ಲ. ಗೊತ್ತಪ್ಪನ ಮುಖವನ್ನೇ ನೋಡುತ್ತ, ಒಂದೊಂದು ಅಕ್ಷರವೂ ಅವನಿಗೆ ಚುಚ್ಚಲೆಂದು ನಿಧಾನವಾಗಿ ಹೇಳಿದಳು. "ಈಗ ಹೊಳೆದದ್ದಲ್ಲ ಮೇಡಮ್. ಬೆಳಿಗ್ಗೆ ಎಂಟು ಗಂಟೆಗೇ ಗೊತ್ತಿತ್ತು."

ಗೊತ್ತಪ್ಪ ತಲೆ ತಗ್ಗಿಸಲಿಲ್ಲ. ಅವನು ಅವಳ ಬೆನ್ನ ಹಿಂದೆ ನೋಡುತ್ತಿದ್ದ. ಅವಳು ತಿರುಗಿದಳು.

ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಬೆಳಗಿನಿಂದ ಲ್ಯಾಬಿಗೂ ವಾರ್ಡಿಗೂ ಮೆಟ್ಟಿಲು ಹತ್ತಿ ಇಳಿದು ಸಮವಸ್ತ್ರದ ಕತ್ತು ಬೆವರಿನಿಂದ ಒದ್ದೆಯಾಗಿತ್ತು. ಕೈಯಲ್ಲಿ ಲ್ಯಾಬಿನವರು ಪೆನ್ನಿನಲ್ಲಿ ಬರೆದುಕೊಟ್ಟ ಚೀಟಿಗಳು. ಅತ್ತು ಮುಖ ತೊಳೆದುಕೊಂಡು ಬಂದಿದ್ದಳು, ನೋಡಿದರೇ ತಿಳಿಯುತ್ತಿತ್ತು.

"ಒಂಬತ್ತನೇ ಹಾಸಿಗೆಯ ಅಜ್ಜಿಯ ರಿಪೋರ್ಟ್ ಸಿಗೋಷ್ಟರಲ್ಲಿ ತಡವಾಯ್ತು," ಎಂದಳು ಡಾಕ್ಟರಮ್ಮನಿಗೆ. "ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತ್ತು. ಐಸಿಯುಗೆ ಹಾಕಿದಾರೆ. ಅಜ್ಜಿಯ ಮಗ, ನಾನು ನಿದ್ದೆ ಮಾಡ್ತಿದ್ದೆ ಅಂತ ಎಲ್ಲರ ಮುಂದೆ ಬೈದ್ರು."

ಅವಳು ಕುರ್ಚಿಯಿಂದ ಎದ್ದಳು. "ಅಮ್ಮಣ್ಣೀ, ಅದು ಹಾಗಲ್ಲ, ನಾನು ಇವನಿಗೆ..."

ನಾದಿನಿ ಚೀಟಿಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. ಅವಳು ಮದುವೆಯಾಗಿ ಗಂಡನ ಮನೆಗೆ ಕಾಲಿಟ್ಟ ದಿನದಿಂದ ಅತ್ತಿಗೆ ಎಂಬ ಮಾತಿಲ್ಲದೆ ಈ ನಾದಿನಿಯ ಬಾಯಿಂದ ಒಂದು ವಾಕ್ಯವೂ ಹೊರಟಿದ್ದಿಲ್ಲ.

"ಮೂರನೇ ಮಹಡಿಗೆ ಇನ್ನು ರಿಪೋರ್ಟ್ ಬರುತ್ತಾ, ಮೇಡಮ್?" ಎಂದು ಅವಳನ್ನೇ ನೋಡುತ್ತ ಕೇಳಿದಳು.